ಹಳೇ ಡೀಸೆಲ್ ಪಿಕಪ್‌ಗೆ ಯಾವ ಕ್ಲಚ್ ಹಾಕಿಸಬೇಕು? ಮೊದಲು ಲೋಡು ನೋಡಿ, ಆಮೇಲೆ ಡಬ್ಬಿ ನೋಡಿ

ದಾವಣಗೆರೆಯಲ್ಲಿ ಮಂಡಕ್ಕಿ ಹೊರುವ ಪಿಕಪ್ ಇದೆ. ಚನ್ನಗಿರಿ ಕಡೆಯಿಂದ ಅಡಿಕೆ ಹೊರುವ ಪಿಕಪ್ಪೂ ಇದೆ. ಎರಡೂ ಒಂದೇ ಮಾಡೆಲ್ ಇರಬಹುದು, ಒಂದೇ ವರ್ಷದ್ದೂ ಇರಬಹುದು. ಆದರೂ ಎರಡಕ್ಕೂ ಒಂದೇ ಕ್ಲಚ್ ಹೇಳಿದರೆ ಒಬ್ಬರ ದುಡ್ಡು ಸುಮ್ನೆ ಹೋಗುತ್ತದೆ. ಮಂಡಕ್ಕಿ ಚೀಲ ಕ್ಯಾಬಿನ್‌ಗಿಂತ ಎರಡು ಪಟ್ಟು ಎತ್ತರ ಕಾಣುತ್ತದೆ, ತೂಕ ಮಾತ್ರ ಇರುವುದಿಲ್ಲ. ಅಡಿಕೆ, ಈರುಳ್ಳಿ, ಎಂ-ಸ್ಯಾಂಡ್, ಇಟ್ಟಿಗೆ ಹಾಗಲ್ಲ. ಅಲ್ಲಿ ಪ್ರತಿ ಸಲ ನಿಂತ ಗಾಡಿಯನ್ನು ಎತ್ತಿ ಹೊರಡಿಸುವಾಗಲೂ ಕ್ಲಚ್ ಬೇಯುತ್ತದೆ.

ಅಂಗಡಿಗೆ ಹೋದರೆ ಮೊದಲು ಕೇಳುವುದು "ಯಾವ ಕಂಪನಿದು ಬೇಕು?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು, ನಿಮ್ಮ ಗಾಡಿ ಏನು ಹೊರುತ್ತದೆ, ಎಲ್ಲಿ ಓಡುತ್ತದೆ, ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ. ಇನ್ನೊಂದು ಮಾತನ್ನೂ ಈಗಲೇ ಒತ್ತಿ ಹೇಳುತ್ತೇನೆ. ಕ್ಲಚ್ ಕೆಲಸದಲ್ಲಿ ದೊಡ್ಡ ಖರ್ಚು ಡಬ್ಬಿಯೊಳಗಿನ ಸಾಮಾನಿನದ್ದಷ್ಟೇ ಅಲ್ಲ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ, ಗಾಡಿ ನಿಂತ ದಿನಗಳ ಬಾಡಿಗೆ, ಸೀಸನ್ ಆದರೆ ಕೈತಪ್ಪಿದ ಗಿರಾಕಿ, ಇವೆಲ್ಲ ಸೇರಿ ಲೆಕ್ಕ. ಅಗ್ಗದ ಪ್ಲೇಟ್ ಹಾಕಿದರೂ ಇಷ್ಟೇ ಕೂಲಿ, ಒಳ್ಳೇ ಸೆಟ್ (ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಅದನ್ನು ಬಿಡಿಸುವ ರಿಲೀಸ್ ಬೇರಿಂಗ್, ಮೂರೂ) ಹಾಕಿದರೂ ಇಷ್ಟೇ ಕೂಲಿ. ಈ ಒಂದು ಮಾತು ನೆನಪಿಟ್ಟರೆ ಮುಂದಿನ ಅರ್ಧ ಆಯ್ಕೆ ತಾನಾಗಿಯೇ ಸರಿಹೋಗುತ್ತದೆ.

ಕ್ಲಚ್ ನಿಜವಾಗಿ ಹೋಗಿದೆಯಾ?

ಗೇರ್‌ಬಾಕ್ಸ್ ಇಳಿಸುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ ಕ್ಲಚ್ ಅಂತ ತೀರ್ಮಾನ ಮಾಡುವವರು ಬಹಳ ಜನ. ಏರ್ ಫಿಲ್ಟರ್ ಕಟ್ಟಿದ್ದರೂ ಎಳೆಯುವುದಿಲ್ಲ, ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಎಳೆಯುವುದಿಲ್ಲ, ಟರ್ಬೊ ಪೈಪ್ ಸೀಳಿದ್ದರೂ ಎಳೆಯುವುದಿಲ್ಲ. ವ್ಯತ್ಯಾಸ ಕಿವಿಯಲ್ಲೇ ಗೊತ್ತಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರುತ್ತದೆ, ಆದರೆ ಗಾಡಿಯ ವೇಗ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಸದ್ದೇ ಏರುತ್ತಿಲ್ಲ ಅಂದರೆ ತೊಂದರೆ ಬೇರೆ ಕಡೆ ಇದೆ.

ಒಂದು ಸುಲಭ ಪರೀಕ್ಷೆ ಇದೆ. ಸಮತಟ್ಟಾದ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂದೆ ಯಾರೂ ಇರಬಾರದು, ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ ನಿಧಾನವಾಗಿ ಕ್ಲಚ್ ಬಿಡಿ. ಒಳ್ಳೇ ಕ್ಲಚ್ ಆಗಿದ್ದರೆ ಎಂಜಿನ್ ಆಫ್ ಆಗಿಬಿಡುತ್ತದೆ. ಪೂರ್ತಿ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಜಾರುತ್ತಿದೆ ಅಂತ ಅರ್ಥ. ಇದನ್ನು ಒಂದೇ ಸಲ ಮಾಡಿ ನಿಲ್ಲಿಸಿ, ಮತ್ತೆ ಮತ್ತೆ ಮಾಡಿದರೆ ಪ್ಲೇಟಿನ ಮೇಲೆ ಉಳಿದಿರುವ ಲೈನಿಂಗೂ, ಅಂದರೆ ಹಿಡಿತ ಕೊಡುವ ಪದರವೂ, ಸುಟ್ಟುಹೋಗುತ್ತದೆ.

ಗೇರ್ ಹಾಕುವಾಗ ಕರಕರ ಅನ್ನುವುದು, ರಿವರ್ಸ್ ಬೀಳದೇ ಇರುವುದು, ಇದು ಬೇರೆ ಕಾಯಿಲೆ. ಇಲ್ಲಿ ಕ್ಲಚ್ ಹಿಡಿಯುತ್ತದೆ, ಆದರೆ ಪೂರ್ತಿ ಬಿಡುವುದಿಲ್ಲ. ಪೆಡಲ್ ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಪೆಡಲ್ ಒತ್ತಿದ ಬಲವನ್ನು ಎಣ್ಣೆಯ ಮೂಲಕ ಕ್ಲಚ್‌ಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರ್ ಅಥವಾ ಸ್ಲೇವ್ ಸಿಲಿಂಡರ್ ಮೇಲೆ ಅನುಮಾನ ಪಡಿ. ಅದರ ರಬ್ಬರ್ ಕಿಟ್ ಬದಲಿಸುವುದಕ್ಕೂ ಕ್ಲಚ್ ಸೆಟ್ ಹಾಕಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಕೇಬಲ್ ಇರುವ ಹಳೇ ಗಾಡಿಯಾದರೆ ಪೆಡಲ್‌ನಲ್ಲಿ ಸ್ವಲ್ಪವಾದರೂ ಫ್ರೀ ಪ್ಲೇ (ಕ್ಲಚ್ ಬಿಡಲು ಶುರುವಾಗುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ಜಾಗ) ಇದೆಯಾ ನೋಡಿ. ಫ್ರೀ ಪ್ಲೇ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ಇರುತ್ತದೆ, ಪ್ಲೇಟ್ ಚೆನ್ನಾಗಿದ್ದರೂ ಜಾರುತ್ತದೆ.

ಸದ್ದಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಮಾತ್ರ ಕಿರ್ ಅಂದರೆ ರಿಲೀಸ್ ಬೇರಿಂಗ್. ಪೆಡಲ್ ಬಿಟ್ಟಾಗ ಸದ್ದು ಬಂದು ಒತ್ತಿದಾಗ ನಿಂತರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್‌ನ ಬೇರಿಂಗ್. ಎರಡನೆಯದಾದರೆ ಗೇರ್‌ಬಾಕ್ಸ್ ಕೆಲಸವನ್ನೂ ಇದೇ ಸಲ ಸೇರಿಸಿಕೊಳ್ಳಿ.

ಹಳೇದಕ್ಕೇ ಲೈನಿಂಗ್ ಹೊಡೆಸುವುದು

ಇದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಹಳೇ ಪ್ಲೇಟಿನ ರಿವೆಟ್ ತೆಗೆದು ಹೊಸ ಲೈನಿಂಗ್ ಕೂರಿಸಿ ಕೊಡುತ್ತಾರೆ. ಖರ್ಚು ಎಲ್ಲಕ್ಕಿಂತ ಕಡಿಮೆ, ಹೊಸ ಪ್ಲೇಟ್ ಸಿಗದ ತೀರಾ ಹಳೇ ಗಾಡಿಗೆ ಇದೇ ದಾರಿ. ಆದರೆ ಕ್ಲಚ್ ಪ್ಲೇಟ್ ಅಂದರೆ ಲೈನಿಂಗ್ ಒಂದೇ ಅಲ್ಲ. ಎರಡು ಲೈನಿಂಗ್ ನಡುವೆ ಅಲೆಅಲೆಯಾಗಿರುವ ತೆಳು ಉಕ್ಕಿನ ಪಟ್ಟಿ ಇರುತ್ತದೆ, ಕ್ಲಚ್ ಮೆತ್ತಗೆ ಹಿಡಿಯುವುದು ಅದರಿಂದ. ಮಧ್ಯದಲ್ಲಿ ಡ್ಯಾಂಪರ್ ಸ್ಪ್ರಿಂಗ್ ಇರುತ್ತವೆ, ಡೀಸೆಲ್ ಎಂಜಿನ್ನಿನ ಹೊಡೆತವನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಬಿಡದೆ ತಡೆಯುವುದು ಅವೇ. ಆ ಪಟ್ಟಿ ಬಿಸಿಗೆ ಚಪ್ಪಟೆಯಾಗಿದ್ದರೆ, ಸ್ಪ್ರಿಂಗ್ ಕೈಗೆ ಗಡಗಡ ಅಲ್ಲಾಡುತ್ತಿದ್ದರೆ, ನಡುವಿನ ಹಲ್ಲು ಸವೆದಿದ್ದರೆ, ಹೊಸ ಲೈನಿಂಗ್ ಹೊಡೆಸಿಯೂ ಪ್ರಯೋಜನ ಇಲ್ಲ. ಗಾಡಿ ಎತ್ತುವಾಗ ನಡುಗುತ್ತದೆ, ಜೊತೆಗೆ ಬ್ಯಾಲೆನ್ಸ್ ತಪ್ಪಿದ್ದರೆ ವೇಗದಲ್ಲಿ ಅದುರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ನೇರ. ಹೊಸ ಪ್ಲೇಟ್ ಸಿಗುವ ಗಾಡಿಗೆ ಲೈನಿಂಗ್ ಹೊಡೆಸಬೇಡಿ. ಮನೆ ಹೊಲದ ಕೆಲಸಕ್ಕೆ ಮಾತ್ರ ಇಟ್ಟುಕೊಂಡ, ತಿಂಗಳಿಗೆ ನಾಲ್ಕು ಸಲ ಹೊರಡುವ ಗಾಡಿಯಾದರೆ, ಸ್ಪ್ರಿಂಗ್ ಮತ್ತು ಹಲ್ಲು ಗಟ್ಟಿ ಇದ್ದರೆ, ಒಪ್ಪಬಹುದು. ಬಾಡಿಗೆ ಗಾಡಿಗೆ ಬೇಡ.

ಗುಜರಿಯಿಂದ ಬಿಚ್ಚಿದ ಪ್ರೆಷರ್ ಪ್ಲೇಟ್ ತರುವುದೂ ಇದೆ. ಅದು ಎಷ್ಟು ಬಿಸಿ ಕಂಡಿದೆ ಅಂತ ಹೊರಗಿನಿಂದ ನೋಡಿ ಹೇಳುವುದು ಕಷ್ಟ, ಅದರೊಳಗೆ ಒತ್ತುವ ಬಲ ಕೊಡುವ ಡಯಾಫ್ರಮ್ ಸ್ಪ್ರಿಂಗ್ ಬಿಸಿಗೆ ಬಲ ಕಳೆದುಕೊಂಡಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಇದನ್ನು ಬಿಟ್ಟುಬಿಡಿ.

ಪ್ಲೇಟ್ ಮಾತ್ರವಾ, ಪೂರ್ತಿ ಸೆಟ್ಟಾ?

ದುಡ್ಡು ಉಳಿಸುವ ಆಸೆ ಹೆಚ್ಚು ಹುಟ್ಟುವುದು ಇಲ್ಲಿ. ಪ್ಲೇಟ್ ಸವೆದಿದೆ, ಪ್ರೆಷರ್ ಪ್ಲೇಟ್ ಚೆನ್ನಾಗಿಯೇ ಕಾಣುತ್ತಿದೆ, ಬೇರಿಂಗ್ ಸದ್ದು ಮಾಡುತ್ತಿಲ್ಲ, ಮತ್ತೆ ಯಾಕೆ ಎಲ್ಲ ಬದಲಿಸಬೇಕು ಅಂತ.

ಮೂರೂ ಒಟ್ಟಿಗೆ ದುಡಿದಿರುತ್ತವೆ. ಪ್ರೆಷರ್ ಪ್ಲೇಟಿನ ಮುಖ ಹಳೇ ಪ್ಲೇಟಿಗೆ ತಕ್ಕಂತೆ ಸವೆದು ಗೀರು ಬಿದ್ದಿರುತ್ತದೆ. ಹೊಸ ಪ್ಲೇಟ್ ಅದರ ಮೇಲೆ ಪೂರ್ತಿ ಕೂರುವುದಿಲ್ಲ, ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ, ಹಿಡಿದ ಕಡೆ ಜಾಸ್ತಿ ಬಿಸಿಯಾಗುತ್ತದೆ. ಡಯಾಫ್ರಮ್ ಬೆರಳುಗಳ ತುದಿ ಬೇರಿಂಗ್ ಉಜ್ಜಿ ಸವೆದಿರುತ್ತದೆ. ಬೇರಿಂಗಂತೂ ಇಡೀ ಸೆಟ್ಟಿನಲ್ಲಿ ಅಗ್ಗದ ಭಾಗ, ಅದು ಆರು ತಿಂಗಳ ನಂತರ ಕೂಗಲು ಶುರು ಮಾಡಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಮತ್ತೆ ಅದೇ ಕೂಲಿ. ಉಳಿಸಿದ ದುಡ್ಡು ಎಲ್ಲಿ ಉಳಿಯಿತು ಹೇಳಿ?

ಒಂದೇ ಸಂದರ್ಭದಲ್ಲಿ ಪ್ಲೇಟ್ ಮಾತ್ರ ಹಾಕಬಹುದು. ಹೊಸ ಸೆಟ್ ಹಾಕಿ ಸ್ವಲ್ಪ ದಿನವಾಗಿದೆ, ಅಷ್ಟರಲ್ಲಿ ಎಂಜಿನ್ ಹಿಂದಿನ ಆಯಿಲ್ ಸೀಲ್ ಸೋರಿ ಲೈನಿಂಗ್ ಎಣ್ಣೆ ಕುಡಿದಿದೆ ಅನ್ನಿ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿ ಹಾಕುವವರಿದ್ದಾರೆ, ಒಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಆಗ ಸೀಲ್ ಬದಲಿಸಿ, ಪ್ರೆಷರ್ ಪ್ಲೇಟ್ ಮುಖ ಒರೆಸಿ ನೋಡಿ ನುಣುಪಾಗಿದ್ದರೆ ಅದನ್ನೇ ಇಟ್ಟುಕೊಂಡು ಪ್ಲೇಟ್ ಮಾತ್ರ ಹೊಸದು ಹಾಕಿ.

ಸವೆತ ಅಳೆಯುವ ಬಗೆ ಹೀಗೆ. ಲೈನಿಂಗ್ ಮೇಲ್ಮೈಯಿಂದ ರಿವೆಟ್ ತಲೆ ಎಷ್ಟು ಒಳಗಿದೆ ನೋಡಿ. ಬಹಳಷ್ಟು ಗಾಡಿಗಳ ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊನೆಯ ಮಿತಿ 0.3 ಮಿಲಿಮೀಟರ್. ಅದಕ್ಕಿಂತ ಕಡಿಮೆಯಾದರೆ ರಿವೆಟ್ಟೇ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ, ಎಂಜಿನ್ ಹಿಂದಿನ ಭಾರದ ಚಕ್ರ) ಕೆರೆಯಲು ಶುರು ಮಾಡುತ್ತದೆ.

ಯಾವ ಡಬ್ಬಿ: ಗಾಡಿ ಕಂಪನಿದು, ಕ್ಲಚ್ ಕಂಪನಿದು, ಲೋಕಲ್

ಪೂರ್ತಿ ಸೆಟ್ ಅಂತ ತೀರ್ಮಾನ ಆದ ಮೇಲೆ ಮೂರು ದಾರಿ ಇವೆ. ಮಹೀಂದ್ರಾ, ಟಾಟಾ, ಇಸುಜು ಹೀಗೆ ಗಾಡಿ ಕಂಪನಿಯ ಹೆಸರಿನ ಡಬ್ಬಿ. ವ್ಯಾಲಿಯೊ, ಲುಕ್, ಸ್ಯಾಕ್ಸ್, ಎಕ್ಸೆಡಿ, ಸೆಟ್ಕೊದವರ ಲೈಪ್ ಹೀಗೆ ಕ್ಲಚ್ ಮಾಡುವವರದ್ದೇ ಹೆಸರಿನ ಡಬ್ಬಿ. ಮೂರನೆಯದು ಹೆಸರು ಕೇಳಿರದ ಲೋಕಲ್ ಮಾಲು.

ಗಾಡಿ ಕಂಪನಿಗಳು ಸಾಮಾನ್ಯವಾಗಿ ತಾವೇ ಕ್ಲಚ್ ಮಾಡುವುದಿಲ್ಲ, ಕ್ಲಚ್ ಮಾಡುವವರಿಂದ ತರಿಸಿ ಹಾಕುತ್ತಾರೆ. ಹಾಗಾಗಿ ಎಷ್ಟೋ ಸಲ ಗಾಡಿ ಕಂಪನಿಯ ಡಬ್ಬಿಯೊಳಗೆ ಇರುವುದೂ, ಕ್ಲಚ್ ಕಂಪನಿಯ ಡಬ್ಬಿಯೊಳಗೆ ಇರುವುದೂ ಒಂದೇ ಕಾರ್ಖಾನೆಯ ಮಾಲು. ನಿಮ್ಮ ಗಾಡಿಗೆ ಮೊದಲು ಯಾರದು ಬಂದಿತ್ತು ಅಂತ ತಿಳಿಯಲು ಊಹೆ ಬೇಡ. ಬಿಚ್ಚಿದ ಪ್ರೆಷರ್ ಪ್ಲೇಟಿನ ಕವರ್ ಒರೆಸಿ ನೋಡಿ, ಮಾಡಿದವರ ಹೆಸರೋ ಗುರುತೋ ಅಚ್ಚೊತ್ತಿರುತ್ತದೆ. ಈ ಮೊದಲೇ ಯಾರೂ ಬದಲಿಸಿಲ್ಲ ಅಂತ ಗೊತ್ತಿದ್ದರೆ, ಆ ಹೆಸರಿನ ಸೆಟ್ಟೇ ಕೇಳಿ. ಒಳ್ಳೇ ಮಾಲು ಸಿಗುತ್ತದೆ, ಗಾಡಿ ಕಂಪನಿಯ ಡಬ್ಬಿಗಿಂತ ಬೆಲೆಯೂ ಹೆಚ್ಚಾಗಿ ಕಡಿಮೆ ಇರುತ್ತದೆ. ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ.

ಗಾಡಿ ಕಂಪನಿಯ ಡಬ್ಬಿ ಯಾವಾಗ ಒಳ್ಳೆಯದು ಅಂದರೆ, ನಿಮ್ಮ ಗಾಡಿಯ ಎಂಜಿನ್ ಯಾವುದು ಅನ್ನುವ ಗೊಂದಲ ಇದ್ದಾಗ. ಒಂದೇ ಹೆಸರಿನ ಪಿಕಪ್‌ಗೆ ವರ್ಷ ಕಳೆದಂತೆ ಬೇರೆ ಬೇರೆ ಎಂಜಿನ್ ಬಂದಿವೆ. ಬೊಲೆರೊ ಪಿಕಪ್‌ನಲ್ಲಿ ಹಳೇ ಎಂಡಿಐ ಎಂಜಿನ್ ಇರುವುದೂ ಇದೆ, ಆಮೇಲಿನ ಕಾಮನ್ ರೈಲ್ ಎಂಜಿನ್ ಇರುವುದೂ ಇದೆ. ಟಾಟಾ 207 ಮೊದಲು ಎರಡು ಲೀಟರ್‌ಗಿಂತ ಚಿಕ್ಕ ಎಂಜಿನ್ನಿನಲ್ಲಿ ಬಂತು, 207 ಡಿಐ ಆದಾಗ ಮೂರು ಲೀಟರ್ ಸಮೀಪದ ಎಂಜಿನ್ ಬಂತು. "ಬೊಲೆರೊ ಕ್ಲಚ್ ಕೊಡಿ", "207 ಕ್ಲಚ್ ಕೊಡಿ" ಅಂದರೆ ಸಾಕಾಗುವುದಿಲ್ಲ. ಚಾಸಿ ನಂಬರ್ ಹೇಳಿದರೆ ಕಂಪನಿ ಕೌಂಟರ್‌ನಲ್ಲಿ ಸರಿಯಾದ ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ. ಆ ನಂಬರ್ ಬರೆದುಕೊಂಡು ಬಂದು ಹೊರಗಿನ ಅಂಗಡಿಯಲ್ಲಿ ಅದಕ್ಕೆ ಹೊಂದುವ ಸೆಟ್ ಕೇಳಿದರೂ ತಪ್ಪಿಲ್ಲ. ಹೇಗೇ ತಂದರೂ ಹಳೇ ಪ್ಲೇಟ್ ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ: ಸುತ್ತಳತೆ, ನಡುವಿನ ಹಲ್ಲಿನ ಲೆಕ್ಕ, ಹಲ್ಲಿರುವ ನಡುಭಾಗದ (ಹಬ್) ಎತ್ತರ, ಪ್ರೆಷರ್ ಪ್ಲೇಟಿನ ಬೋಲ್ಟ್ ತೂತುಗಳ ಅಂತರ. ಹಲ್ಲು ಒಂದು ಹೆಚ್ಚುಕಡಿಮೆ ಆದರೂ ಶಾಫ್ಟಿಗೆ ಏರುವುದಿಲ್ಲ.

ಲೋಕಲ್ ಮಾಲಿನ ತೊಂದರೆ ಬೆಲೆಯಲ್ಲಿ ಇಲ್ಲ, ನಂಬಿಕೆಯಲ್ಲಿ ಇದೆ. ಒಂದು ಸೆಟ್ ಚೆನ್ನಾಗಿ ಬರುತ್ತದೆ, ಅದೇ ಹೆಸರಿನ ಇನ್ನೊಂದು ಸೆಟ್ ಬೇಗ ಸುಟ್ಟು ವಾಸನೆ ಹೊಡೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಡುಪ್ಲಿಕೇಟ್, ಅಂದರೆ ಒಳ್ಳೇ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಲೋಕಲ್ ಮಾಲು. ಡಬ್ಬಿಯ ಮೇಲಿನ ಹಾಲೊಗ್ರಾಮ್, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಅಕ್ಷರ ಮಸುಕಾಗಿದೆಯಾ, ಡಬ್ಬಿಯ ಪಾರ್ಟ್ ನಂಬರೂ ಒಳಗಿನ ಮಾಲಿನ ಮೇಲಿನ ನಂಬರೂ ಒಂದೇನಾ ನೋಡಿ. ಜಿ.ಎಸ್.ಟಿ. ಬಿಲ್ ತಪ್ಪದೇ ತಗೊಳ್ಳಿ, ಬಿಲ್ ಇಲ್ಲದೆ ವಾರಂಟಿ ಕೇಳಲು ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದಿದೆ. ಅದಕ್ಕೂ ಮೊದಲು ಕ್ಲಚ್ ಸೆಟ್‌ಗೆ ಶೇಕಡಾ 28 ಇತ್ತು. ಹಳೇ ಸ್ಟಾಕ್ ಡಬ್ಬಿಯ ಮೇಲೆ ಹಳೇ ಎಂ.ಆರ್.ಪಿ. ಇದ್ದರೆ ಬಿಲ್ಲಿನಲ್ಲಿ ಎಷ್ಟು ತೆರಿಗೆ ಹಾಕಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ.

ದಾವಣಗೆರೆಯಲ್ಲೇ ಎರಡು ಮೂರು ಅಂಗಡಿ ಕೇಳಿ. ಚಿತ್ರದುರ್ಗದವರಾದರೆ ಅಲ್ಲೂ ಕೇಳಿ, ದಾವಣಗೆರೆಗೂ ಫೋನ್ ಮಾಡಿ. ಒಂದು ವಿಷಯ ಮರೆಯಬೇಡಿ, ಸೆಟ್ ನೀವೇ ತಂದುಕೊಟ್ಟರೆ ಕೆಲವು ಗ್ಯಾರೇಜಿನವರು ಕೆಲಸದ ಜವಾಬ್ದಾರಿ ಹೊರುವುದಿಲ್ಲ. ಅದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ.

ಹೆವಿ ಡ್ಯೂಟಿ, ಸೆರಾಮಿಕ್: ಬೇಕಾ?

ಜಾಸ್ತಿ ಲೋಡ್ ಹಾಕುವವರಿಗೆ ಇದರ ಮೇಲೆ ಕಣ್ಣು. "ಸೆರಾಮಿಕ್ ಹಾಕಿಸಿಬಿಡಿ, ಮತ್ತೆ ನೋಡೋ ಹಾಗೇ ಇಲ್ಲ" ಅನ್ನುತ್ತಾರೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಕ್ಲಚ್ ಎಷ್ಟು ಎಳೆತ ತಡೆದುಕೊಳ್ಳುತ್ತದೆ ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ: ಸ್ಪ್ರಿಂಗ್ ಎಷ್ಟು ಬಲವಾಗಿ ಒತ್ತುತ್ತದೆ, ಲೈನಿಂಗ್ ಎಷ್ಟು ಹಿಡಿಯುತ್ತದೆ, ಪ್ಲೇಟ್ ಎಷ್ಟು ಅಗಲ ಇದೆ. ಗಾಡಿ ಮಾಡಿದವರು ಈ ಮೂರನ್ನೂ ಎಂಜಿನ್ನಿನ ಬಲಕ್ಕಿಂತ ಸಾಕಷ್ಟು ಮೇಲೇ ಇಟ್ಟಿರುತ್ತಾರೆ. ಹಾಗಾಗಿ ಮಾಮೂಲಿ ಸೆಟ್ ಸರಿಯಾಗಿ ಕೂತಿದ್ದರೆ ಓಡುವಾಗ ಜಾರುವುದಿಲ್ಲ. ಅದು ಸವೆಯುವುದು ಗಾಡಿ ಎತ್ತುವ ಆ ಕೆಲವು ಕ್ಷಣದಲ್ಲಿ, ಅಂಗೈ ಉಜ್ಜಿದರೆ ಬಿಸಿಯಾಗುವ ಹಾಗೆ, ಪ್ಲೇಟ್ ಉಜ್ಜಿಕೊಂಡು ಎಂಜಿನ್ ವೇಗಕ್ಕೆ ಬರುವಾಗ.

ಈ ಬಿಸಿ ಎಷ್ಟು ಅನ್ನುವುದು ಡ್ರೈವರ್ ಕಾಲಿನಲ್ಲಿದೆ. ಲೋಡ್ ಇರುವಾಗ ಎರಡನೇ ಗೇರ್‌ನಲ್ಲಿ ಎತ್ತುವ ಅಭ್ಯಾಸ ಬಹಳ ಜನಕ್ಕಿದೆ. ಮೊದಲ ಗೇರಿನ ಅನುಪಾತ 4, ಎರಡನೆಯದು 2.3 ಅಂತ ಇಟ್ಟುಕೊಳ್ಳಿ. ಎಂಜಿನ್ ಅದೇ ವೇಗದಲ್ಲಿದ್ದಾಗ ಎರಡನೇ ಗೇರ್‌ನಲ್ಲಿ ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಗಾಡಿಯ ವೇಗ ಸುಮಾರು 1.7 ಪಟ್ಟು ಇರಬೇಕು. ಬಿಸಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಅಂದರೆ ಸಮತಟ್ಟಾದ ರಸ್ತೆಯಲ್ಲೂ ಸುಮಾರು ಮೂರು ಪಟ್ಟು. ಏರಿನಲ್ಲಿ ಇನ್ನೂ ಜಾಸ್ತಿ. ಮೊದಲ ಗೇರ್‌ನಲ್ಲಿ ಎತ್ತುವ ಒಂದು ಅಭ್ಯಾಸ, ಎಷ್ಟೇ ದುಬಾರಿ ಪ್ಲೇಟ್ ಹಾಕಿಸಿದರೂ ಸಿಗದ ಆಯಸ್ಸು ಕೊಡುತ್ತದೆ.

ಸೆರಾಮಿಕ್ ಗುಂಡಿ ಇರುವ ಪ್ಲೇಟ್ ಮಾಮೂಲಿ ಆರ್ಗ್ಯಾನಿಕ್ ಲೈನಿಂಗ್‌ಗಿಂತ ಹೆಚ್ಚು ಬಿಸಿ ತಡೆಯುತ್ತದೆ, ಇದು ನಿಜ. ದೊಡ್ಡ ಟಿಪ್ಪರ್, ಟ್ರೇಲರ್‌ಗಳಲ್ಲಿ ಅದಕ್ಕೆ ಕೆಲಸ ಇದೆ. ಪಿಕಪ್‌ನಲ್ಲಿ ಅದು ಧಬಕ್ ಅಂತ ಹಿಡಿಯುತ್ತದೆ. ಅರ್ಧ ಕ್ಲಚ್‌ನಲ್ಲಿ ಮೆಲ್ಲಗೆ ಹಿಂದೆ ತೆಗೆಯಬೇಕಾದ ಕಡೆ, ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಗಾಡಿಗಳ ನಡುವೆ ರಿವರ್ಸ್ ಹೋಗಿ ಕಟ್ಟೆಗೆ ಹಚ್ಚಬೇಕಾದಾಗ, ಗಾಡಿ ಜಿಗಿಯುತ್ತದೆ. ಆ ಹೊಡೆತ ಎಲ್ಲಿಗೆ ಹೋಗುತ್ತದೆ? ಗೇರ್‌ಬಾಕ್ಸ್ ಹಲ್ಲಿಗೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ, ಹಿಂದಿನ ಡಿಫರೆನ್ಷಿಯಲ್‌ಗೆ. ಹಳೇ ಗಾಡಿಯಲ್ಲಿ ಇವೆಲ್ಲ ಮೊದಲೇ ಸವೆದಿರುತ್ತವೆ. ಜೊತೆಗೆ ಸೆರಾಮಿಕ್ ಫ್ಲೈವೀಲನ್ನೂ ಬೇಗ ತಿನ್ನುತ್ತದೆ.

ಗಟ್ಟಿ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್ ಹಾಕುವುದು ಇನ್ನೊಂದು ದಾರಿ. ಹಿಡಿತ ಹೆಚ್ಚುತ್ತದೆ, ಆದರೆ ಪೆಡಲ್ ಭಾರವಾಗುತ್ತದೆ. ಊರೊಳಗೆ ಇಡೀ ದಿನ ಓಡಿಸುವವರ ಎಡ ಮಂಡಿ ಹೇಳುತ್ತದೆ ಅದರ ಕಷ್ಟ. ಪೆಡಲ್ ಒತ್ತಿದ ಬಲವೆಲ್ಲ ಬೇರಿಂಗ್ ಮೂಲಕ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ತಳ್ಳುತ್ತದೆ, ಹಳೇ ಎಂಜಿನ್ನಿನಲ್ಲಿ ಅದನ್ನು ತಡೆಯುವ ಥ್ರಸ್ಟ್ ವಾಷರ್ ಮೊದಲೇ ಸವೆದಿದ್ದರೆ ಅದೂ ಬೇಗ ಮುಗಿಯುತ್ತದೆ. ಪಂಪಿನಲ್ಲಿ ಡೀಸೆಲ್ ಏರಿಸಿ ಎಂಜಿನ್ ಬಲ ಹೆಚ್ಚಿಸಿಕೊಂಡವರಿಗೆ ಮಾಮೂಲಿ ಸೆಟ್ ಸಾಲದೇ ಹೋಗಬಹುದು. ಅವರಿಗೂ ನಾನು ಹೇಳುವುದು, ಪಂಪ್ ಮೊದಲಿನ ಸ್ಥಿತಿಗೆ ತನ್ನಿ, ಎಂಜಿನ್ನೂ ಉಳಿಯುತ್ತದೆ ಕ್ಲಚ್ಚೂ ಉಳಿಯುತ್ತದೆ.

ಈಗ ನಿಮ್ಮ ಲೋಡಿಗೆ ಹೊಂದಿಸಿ

ಮಂಡಕ್ಕಿ, ಪ್ಲಾಸ್ಟಿಕ್ ಸಾಮಾನು, ಖಾಲಿ ಕ್ರೇಟು ಹೊರುವ ಗಾಡಿ, ಊರು ಸುತ್ತ ಓಡಾಟ: ಕ್ಲಚ್ ಕಂಪನಿಯ ಮಾಮೂಲಿ ಸೆಟ್ ಸಾಕು. ಇಲ್ಲಿ ಕ್ಲಚ್‌ಗೆ ಶತ್ರು ತೂಕ ಅಲ್ಲ, ಸಿಗ್ನಲ್ಲು ಮತ್ತು ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು. ರಿಲೀಸ್ ಬೇರಿಂಗ್ ಒಳ್ಳೇದೇ ಇರಲಿ.

ಚಳ್ಳಕೆರೆ, ಹಿರಿಯೂರು ಕಡೆಯಿಂದ ಈರುಳ್ಳಿ ತುಂಬಿ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗುವ ಗಾಡಿಗೆ ತೂಕ ಜಾಸ್ತಿ ಇದ್ದರೂ ಎತ್ತುವ ಸಲ ಕಡಿಮೆ. ಒಮ್ಮೆ ಟಾಪ್ ಗೇರ್ ಬಿದ್ದರೆ ಕ್ಲಚ್‌ಗೆ ಕೆಲಸವೇ ಇಲ್ಲ. ಇವರಿಗೂ ಮಾಮೂಲಿ ಆರ್ಗ್ಯಾನಿಕ್ ಸೆಟ್ಟೇ ಸರಿ, ಆದರೆ ಗಾಡಿಯ ಜೊತೆ ಬಂದ ಹೆಸರಿನದ್ದೇ ಹಾಕಿ. ರಾತ್ರಿ ಹೆದ್ದಾರಿಯಲ್ಲಿ ಮಾಲು ಸಮೇತ ನಿಂತರೆ ಆಗುವ ನಷ್ಟ ಯಾವ ಡಬ್ಬಿಯ ಬೆಲೆಗೂ ಸಮ ಅಲ್ಲ.

ಕಷ್ಟ ಇರುವುದು ಮೂರನೇ ಗುಂಪಿಗೆ. ಜಗಳೂರು ಕಡೆ ಮಳೆ ಬಿದ್ದ ಹೊಲದಿಂದ ಮೆಕ್ಕೆಜೋಳ ತೆಗೆಯುವವರು, ಭದ್ರಾ ನೀರಿನ ಗದ್ದೆ ಬಯಲಿನಲ್ಲಿ ಕೆಸರಿನಿಂದ ಭತ್ತ ತರುವವರು, ಹೊಳಲ್ಕೆರೆ, ಹೊಸದುರ್ಗದ ತೋಟಗಳ ಏರುತಗ್ಗಿನಲ್ಲಿ ತೆಂಗು ಅಡಿಕೆ ಎಳೆಯುವವರು, ಮನೆ ಕಟ್ಟುವ ಕಡೆ ಮರಳು ಇಟ್ಟಿಗೆ ಇಳಿಸುವವರು. ಇಲ್ಲಿ ಗಾಡಿ ಹೂತುಕೊಳ್ಳುತ್ತದೆ, ಡ್ರೈವರ್ ಅರ್ಧ ಕ್ಲಚ್‌ನಲ್ಲಿ ಹಿಂದೆ ಮುಂದೆ ಮಾಡುತ್ತಾನೆ, ಐದು ನಿಮಿಷದಲ್ಲಿ ಸುಟ್ಟ ವಾಸನೆ. ಹೊಸ ಕ್ಲಚ್ಚೂ ಒಂದೇ ದಿನದಲ್ಲಿ ಹಾಳಾಗುವುದು ಹೀಗೆ. ಇವರು ಸೆರಾಮಿಕ್ ಕಡೆ ನೋಡುವ ಮೊದಲು ಎರಡು ಕೆಲಸ ಮಾಡಬೇಕು. ತಮ್ಮ ಎಂಜಿನ್ನಿಗೆ ಗಾಡಿ ಕಂಪನಿಯವರೇ ಹೆಚ್ಚು ಲೋಡಿನ ಮಾಡೆಲ್‌ನಲ್ಲಿ ಅಗಲದ ಪ್ಲೇಟ್ ಕೊಟ್ಟಿದ್ದಾರಾ ಕೇಳಿ ನೋಡುವುದು ಮೊದಲನೆಯದು. ಕೊಟ್ಟಿದ್ದರೆ ಫ್ಲೈವೀಲ್ ಸಮೇತ ಅದನ್ನು ಹಾಕಿಸುವುದು ಎಲ್ಲಕ್ಕಿಂತ ಒಳ್ಳೇ ಉಪಾಯ. ಅಗಲ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದೆ, ಬಿಸಿ ಹರಡಲು ಜಾಗವೂ ಸಿಗುತ್ತದೆ, ಮೆತ್ತಗೆ ಹಿಡಿಯುವ ಗುಣವೂ ಉಳಿಯುತ್ತದೆ. ಎರಡನೆಯದು ಆರ್.ಸಿ.ಯಲ್ಲಿ ಬರೆದ ತೂಕದೊಳಗೆ ಇರುವುದು. ಹೂತ ಗಾಡಿಯಿಂದ ಅರ್ಧ ಮಾಲು ಇಳಿಸಿ ಎತ್ತಿದರೆ ಹಮಾಲಿ ಖರ್ಚು ಅಷ್ಟೇ, ಕ್ಲಚ್ ಸುಟ್ಟರೆ ಅದರ ಎಷ್ಟೋ ಪಟ್ಟು.

ಇನ್ನು ಗಾಡಿ ಮಾರುವ ಯೋಚನೆಯಲ್ಲಿ ಇರುವವರು. 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಮುಂದಿನ ಎಫ್.ಸಿ.ಗೆ ಮೊದಲು ಮಾರುವುದು ಖಚಿತ ಅಂದರೆ ದುಬಾರಿ ಡಬ್ಬಿ ಬೇಡ. ಆದರೂ ಪೂರ್ತಿ ಸೆಟ್ ಹಾಕಿ ಬಿಲ್ ಇಟ್ಟುಕೊಳ್ಳಿ, ಕೊಳ್ಳುವವರಿಗೆ ತೋರಿಸಲು ಬರುತ್ತದೆ.

ಗೇರ್‌ಬಾಕ್ಸ್ ಕೆಳಗಿದ್ದಾಗಲೇ ಮಾಡಬೇಕಾದ್ದು

ಫ್ಲೈವೀಲ್ ನೋಡದೆ ಹೊಸ ಸೆಟ್ ಹಾಕಲು ಬಿಡಬೇಡಿ. ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಉಗುರಿಗೆ ಸಿಗುವ ಗೀರು ಇದ್ದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ. ಮೆಟ್ಟಿಲು ಇರುವ ಫ್ಲೈವೀಲ್ ಆದರೆ ಮುಖ ಎಷ್ಟು ಕೆತ್ತಿದರೋ, ಪ್ರೆಷರ್ ಪ್ಲೇಟ್ ಕೂರುವ ಅಂಚನ್ನೂ ಅಷ್ಟೇ ಕೆತ್ತಬೇಕು. ಬರೀ ಮುಖ ಕೆತ್ತಿದರೆ ಒತ್ತುವ ಬಲ ಕಡಿಮೆಯಾಗಿ ಹೊಸ ಕ್ಲಚ್ಚೇ ಜಾರುತ್ತದೆ, ಆಮೇಲೆ ಬೈಯುವುದು ಕ್ಲಚ್ ಕಂಪನಿಗೆ. ಬಿರುಕು ಆಳವಾಗಿದ್ದರೆ ಫ್ಲೈವೀಲೇ ಬದಲಿಸಿ. ತಿರುಗುವಾಗ ಒಡೆದರೆ ಅದು ಪ್ರಾಣಕ್ಕೆ ಬರುವ ವಿಷಯ.

ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಗೇರ್‌ಬಾಕ್ಸ್ ಮುಂದಿನ ಸೀಲ್, ಪೈಲಟ್ ಬೇರಿಂಗ್ ಅಥವಾ ಬುಷ್, ಇವು ಮೂರೂ ಅಗ್ಗ. ಸೋರುತ್ತಿಲ್ಲ ಅಂದರೂ ಹೊಸದು ಹಾಕಿಸಿ. ರಿಲೀಸ್ ಬೇರಿಂಗ್ ತಳ್ಳುವ ಫೋರ್ಕ್ ಸವೆದಿದೆಯಾ ನೋಡಿ. ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಇರುವ ಮಾದರಿಯಾದರೆ ಅದನ್ನೂ ಈಗಲೇ ಬದಲಿಸಿ. ಪೈಪಿನಲ್ಲಿ ಹಾಕುವುದು ಬ್ರೇಕ್ ಆಯಿಲ್, ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುವುದನ್ನೇ ಹಾಕಿ. ಬೇರೆ ಎಣ್ಣೆ ಬಿದ್ದರೆ ರಬ್ಬರ್ ಊದಿಕೊಂಡು ಹೊಸ ಸಿಲಿಂಡರೂ ಹಾಳು.

ಗ್ಯಾರೇಜಿನ ಹುಡುಗರು ಎಲ್ಲವನ್ನೂ ಡೀಸೆಲ್‌ನಲ್ಲಿ ಅದ್ದಿ ತೊಳೆಯುತ್ತಾರೆ. ರಿಲೀಸ್ ಬೇರಿಂಗ್ ಅದ್ದಬಾರದು, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಹೊಸ ಪ್ರೆಷರ್ ಪ್ಲೇಟಿನ ಮುಖಕ್ಕೆ ತುಕ್ಕು ಬಾರದಿರಲಿ ಅಂತ ಸವರಿದ ಎಣ್ಣೆಯನ್ನು ಮಾತ್ರ ಪೂರ್ತಿ ಒರೆಸಬೇಕು. ಇನ್‌ಪುಟ್ ಶಾಫ್ಟಿನ ಹಲ್ಲಿಗೆ ಗ್ರೀಸ್ ತೆಳ್ಳಗೆ ಸಾಕು, ಜಾಸ್ತಿಯಾದರೆ ಸಿಡಿದು ಲೈನಿಂಗ್ ಮೇಲೆ ಬೀಳುತ್ತದೆ. ಹಳೇ ಲೈನಿಂಗ್ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಬೇಡ. ಹಳೇ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ, ಹುಡುಗರಿಗೆ ಮಾಸ್ಕ್ ಕೊಡಿಸಿ.

ಪ್ಲೇಟ್ ಯಾವ ಮುಖ ಯಾವ ಕಡೆ ಅಂತ ಅದರ ಮೇಲೇ ಬರೆದಿರುತ್ತದೆ, ಓದಿ ಕೂರಿಸಬೇಕು. ಗೇರ್‌ಬಾಕ್ಸ್ ಏರಿಸುವಾಗ ಜ್ಯಾಕ್ ಇಲ್ಲದೆ ಅದರ ತೂಕವೆಲ್ಲ ಪ್ಲೇಟಿನ ಹಬ್ ಮೇಲೆ ನೇತಾಡಲು ಬಿಟ್ಟರೆ ಪ್ಲೇಟ್ ಬಾಗುತ್ತದೆ, ಆಮೇಲೆ ಮೊದಲ ದಿನದಿಂದಲೇ ಗೇರ್ ಕರಕರ. ಸಾಧ್ಯವಾದರೆ ಆ ಹೊತ್ತಿಗೆ ನೀವೇ ಅಲ್ಲಿರಿ.

ಕೆಲಸ ಯಾವಾಗ ಮಾಡಿಸಬೇಕು ಅನ್ನುವುದೂ ಆಯ್ಕೆಯೇ. ಈರುಳ್ಳಿ, ಮೆಕ್ಕೆಜೋಳ, ಅಡಿಕೆ ಮೂರೂ ಮಳೆಗಾಲ ಮುಗಿಯುವ ಹೊತ್ತಿಗೆ ಒಂದರ ಹಿಂದೆ ಒಂದು ಬರುತ್ತವೆ. ಏರಿನಲ್ಲಿ ಸ್ವಲ್ಪ ಜಾರುವ ಲಕ್ಷಣ ಕಂಡರೆ ಆಗಸ್ಟ್ ಹೊತ್ತಿಗೇ ಮಾಡಿಸಿ. ಆಗ ಬೇಕಾದ ಡಬ್ಬಿ ಬರುವ ತನಕ ಕಾಯಬಹುದು. ಅಕ್ಟೋಬರ್‌ನಲ್ಲಿ ಗಾಡಿ ನಿಂತರೆ ಅಂಗಡಿಯಲ್ಲಿ ಏನಿದೆಯೋ ಅದನ್ನೇ ಹಾಕಿಸಬೇಕಾಗುತ್ತದೆ.

ಹಾಕಿಸಿದ ಮೇಲೆ ಮೊದಲ ಐನೂರು ಕಿಲೋಮೀಟರ್ ಪೂರ್ತಿ ಲೋಡ್ ಬೇಡ, ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಿಸುವುದೂ ಬೇಡ, ಲೈನಿಂಗ್ ಮುಖ ಸಮವಾಗಿ ಕೂರಲಿ. ಅದು ಮುಗಿದ ಮೇಲೆ ಒಮ್ಮೆ ಗ್ಯಾರೇಜಿಗೆ ಹೋಗಿ ಪೆಡಲ್ ಫ್ರೀ ಪ್ಲೇ ಮತ್ತೆ ನೋಡಿಸಿ, ಸಿಲಿಂಡರ್ ಪೈಪಿನ ಜೋಡಣೆಯಲ್ಲಿ ಒದ್ದೆ ಇದೆಯಾ ಕೈ ಹಾಕಿ ನೋಡಿ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಕೆಳಗೆ ಎಣ್ಣೆ ಹನಿ ಇದೆಯಾ ಅಂತಲೂ ಬಗ್ಗಿ ನೋಡಿ.